ಬಾನಿ ಒಣಗಿಸಿದ ಬೇಸಿಗೆ

1959ರ ಬೇಸಿಗೆಯಲ್ಲಿ, ಯುಗಾದಿ ಕಳೆದ ಮೇಲಿನ ಮೊದಲ ಸೋಮವಾರ ಬೆಳಿಗ್ಗೆ, ಹಾನಗಲ್ಲಿನ ನಮ್ಮ ಮನೆಯ ಮುಂದಿನ ಕಲ್ಲುಬಾನಿಯ ನೀರನ್ನೆಲ್ಲ ಅಪ್ಪ ಚೆಲ್ಲಿಸಿದ. ಬಾನಿ ಎಂದರೆ ದನಕರು ನೀರು ಕುಡಿಯಲೆಂದು ಒಂದೇ ಬಂಡೆಯಲ್ಲಿ ಕೊರೆದ ತೊಟ್ಟಿ. ಆಳಿನ ಕೈಗೆ ಇಟ್ಟಿಗೆಯ ಚೂರು, ಬೂದಿ ಕೊಟ್ಟು ಅದರ ಅಂಚಿನ ಪಾಚಿಯನ್ನು ಕೆರೆಸಿದ. ತಳವನ್ನು ಒಣ ಅರಿವೆಯಿಂದ ಒರೆಸಿಸಿದ. ಆಮೇಲೆ ಹಳೆಯ ಬಾಗಿಲ ಹಲಗೆಯೊಂದನ್ನು ಅದರ ಮೇಲೆ ಮುಚ್ಚಿ, ಅದು ಸರಿಯದಂತೆ ಗುಂಡುಕಲ್ಲು ಹೇರಿಸಿದ. ಜೇನುಹುಳು ನಮ್ಮ ಮನೆಯ ಕಡೆ ಸುಳಿಯಬಾರದು ಎಂಬುದೇ ಇದಕ್ಕೆಲ್ಲ ಕಾರಣ. ಒಳಗಿನ ಕೋಣೆಯಲ್ಲಿ ನನ್ನ ಅಕ್ಕ ಶಾಂತಾ ಚೊಚ್ಚಲ ಹೆರಿಗೆಗೆಂದು ಬಂದು ಕುಳಿತಿದ್ದಳು. ಇನ್ನೊಂದು ಜೇನು ಕಡಿದರೆ ಆಕೆ ಉಳಿಯುವುದಿಲ್ಲ ಎಂದು ಮನೆಯವರೆಲ್ಲ ನಂಬಿದ್ದರು. ನನಗಾಗ ಹತ್ತು ವರ್ಷ.

ನಮ್ಮ ಮನೆ ಭತ್ತದ ಪೇಟೆಗೆ ಹೋಗುವ ದಾರಿಯ ಮೇಲಿತ್ತು. ತಲಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಅಂಕಣ, ಅದಕ್ಕಿಂತ ಒಂದು ಮೆಟ್ಟಿಲು ಎತ್ತರದಲ್ಲಿ ಪಡಸಾಲೆ, ಅದರ ಹಿಂದೆ ನಡುಮನೆ, ಆಮೇಲೆ ಅಡುಗೆಮನೆ, ಅಡುಗೆಮನೆಯ ಮಗ್ಗುಲಲ್ಲೇ ಬಚ್ಚಲು. ಬಾನಿ ಹೊರಗೆ, ಕಟ್ಟೆಗೆ ಹತ್ತಿಕೊಂಡಂತೆ ಇತ್ತು. ಅದು ಆಯಿಯದು, ಅಂದರೆ ಅಪ್ಪನ ತಾಯಿಯದು. ಬೆಳಿಗ್ಗೆ ಮೈತೊಳೆದು, ಹಣೆಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿದ ಮೇಲೆ ಆಯಿ ಹಿತ್ತಲ ಬಾವಿಯಿಂದ ನೀರು ತಂದು ಬಾನಿ ತುಂಬುವಳು. ಅದು ತುಂಬುವವರೆಗೆ ತಾನು ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಬೇಸಿಗೆಯಲ್ಲಿ ಅಲ್ಲಿಗೆ ಯಾರು ಯಾವಾಗ ಬರುತ್ತಾರೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಪೇಟೆಗೆ ಭತ್ತ ಹೊತ್ತು ಬಂದ ಗಾಡಿಗಳ ಎತ್ತುಗಳು ಮೊದಲು. ಎಮ್ಮೆ ಮೂಗಿನ ಹೊರಳೆಯವರೆಗೆ ಮುಖ ಮುಳುಗಿಸುತ್ತಿತ್ತು, ಎತ್ತು ತುಟಿಯಷ್ಟನ್ನೇ ತಾಗಿಸಿ ಎಳೆಯುತ್ತಿತ್ತು. ಆಡುಗಳು ಮುಂಗಾಲು ಎತ್ತಿ ಅಂಚಿನ ಮೇಲಿಡುತ್ತಿದ್ದವು. ಓಣಿಯ ನಾಯಿ ಬಾನಿಗೆ ಬಾಯಿ ಹಾಕುತ್ತಿರಲಿಲ್ಲ, ಬುಡದಲ್ಲಿ ಚೆಲ್ಲಿ ನಿಂತ ನೀರನ್ನು ನೆಕ್ಕುತ್ತಿತ್ತು. ಕಾಗೆ ಎಲ್ಲಿಂದಲೋ ಒಣ ರೊಟ್ಟಿಯ ಚೂರು ತಂದು ಅದರಲ್ಲಿ ನೆನೆಸಿ ತಿನ್ನುತ್ತಿತ್ತು. ಬಿಸಿಲು ಏರಿದ ಮೇಲೆ ಬರುತ್ತಿದ್ದದ್ದು ಹೆಜ್ಜೇನು. ನಮ್ಮ ಓಣಿಯ ತುದಿಯ ಹಳೆಯ ಕಲ್ಲುಗುಡಿಯ ಸೂರಿನಡಿ ಅವುಗಳ ಹುಟ್ಟು ಜೋತಾಡುತ್ತಿತ್ತು. ಅವು ತೆರೆದ ನೀರಿಗೆ ಇಳಿಯುತ್ತಿರಲಿಲ್ಲ. ಅಂಚಿನ ಹಸಿರು ಪಾಚಿಯ ಮೇಲೆ ಸಾಲಾಗಿ, ತಲೆ ಕೆಳಗೆ ಮಾಡಿ ಕೂರುತ್ತಿದ್ದವು. ಗಾಡಿಯವರು ಅವುಗಳ ನಡುವೆಯೇ ಕೈ ಹಾಕಿ ಮುಖ ತೊಳೆಯುತ್ತಿದ್ದರು. ಆ ಬೇಸಿಗೆಗೆ ಮುಂಚೆ ನಮ್ಮ ಮನೆಯಲ್ಲಿ ಯಾರೂ ಅವುಗಳ ಬಗ್ಗೆ ಮಾತಾಡಿದ್ದು ನನಗೆ ನೆನಪಿಲ್ಲ.

ಅಕ್ಕನಿಗೆ ಮೊದಲ ಸಲ ಕಡಿದದ್ದು ಆಕೆಯ ಗಂಡನ ಊರಾದ ಹುಲಗೂರಿನಲ್ಲಿ. ಇದು ನಾನು ಕಂಡದ್ದಲ್ಲ. ಆಕೆಯನ್ನು ಕರೆತಂದ ದಿನ ಮಾಮಾ, ಅಂದರೆ ಅಕ್ಕನ ಗಂಡ, ಪಡಸಾಲೆಯಲ್ಲಿ ಕುಳಿತು ಹೇಳಿದ್ದು. ಹೊಲದಲ್ಲಿ ಹುಣಸೆಮರದ ಕೆಳಗೆ ಬುತ್ತಿ ಬಿಚ್ಚುವಾಗ ಕುತ್ತಿಗೆಗೆ ಒಂದೇ ಒಂದು ಕಡಿಯಿತಂತೆ. ಉಳಿದವರಿಗೆ ಏನೂ ಆಗಲಿಲ್ಲ. ಅಕ್ಕನ ಮೈತುಂಬ ದದ್ದು ಎದ್ದು, ಕಣ್ಣು ಮುಚ್ಚುವಷ್ಟು ಮುಖ ಊದಿ, ಉಸಿರು ಶಿಳ್ಳೆಯ ಹಾಗೆ ಕೇಳತೊಡಗಿತು. ಗಾಡಿಯಲ್ಲಿ ಹಾಕಿಕೊಂಡು ಶಿಗ್ಗಾವಿಗೆ ಒಯ್ಯುವಷ್ಟರಲ್ಲಿ ಮಾತು ನಿಂತಿತ್ತು. ಡಾಕ್ಟರು ಸೂಜಿ ಚುಚ್ಚಿದ ಮೇಲೆ ಸಂಜೆಗೆ ಕಣ್ಣು ಬಿಟ್ಟಳು.

“ಇನ್ನೊಮ್ಮೆ ಕಡದ್ರ ಹೆಂಗ್ರಿ ಅಂತ ಕೇಳಿದ್ನಿ,” ಅಂದ ಮಾಮಾ. “‘ಏನೂ ಆಗದನೂ ಇರಬಹುದು, ಜೀವಕ್ಕ ಬಂದರೂ ಬರಬಹುದು, ನಾ ಹೆಂಗ ಹೇಳ್ಲಿ, ಹುಷಾರಾಗಿರ್ರಿ’ ಅಂದ್ರು ಡಾಕ್ಟರು.”

ಡಾಕ್ಟರು ಹೇಳಿದ್ದರಲ್ಲಿ ನಡುವಿನ ಮಾತಷ್ಟೇ ನಮ್ಮ ಮನೆಯಲ್ಲಿ ಉಳಿಯಿತು. ಅಂದಿನಿಂದ ಮನೆಯ ನಡೆನುಡಿಯೇ ಬೇರೆಯಾಯಿತು. ಅಕ್ಕ ಊಟಕ್ಕೆ ಕುಳಿತಾಗ ನೊಣದ ಸದ್ದಾದರೂ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಅವ್ವ ಕೈಯಲ್ಲಿ ಬೀಸಣಿಗೆ ಹಿಡಿದೇ ತಿರುಗುತ್ತಿದ್ದಳು. ಅಪ್ಪ ಪೇಟೆಯ ತನ್ನ ಅಂಗಡಿಯಿಂದ ನಡುನಡುವೆ ಎದ್ದು ಬಂದು, ಬಾಗಿಲಲ್ಲಿ ನಿಂತು, “ಏನೂ ಇಲ್ಲಲ್ಲಾ?” ಎಂದು ಕೇಳಿ ಹೋಗುತ್ತಿದ್ದ. ಬಸುರಿಯಾದವಳಿಗೆ ತವರಿನಲ್ಲಿ ಮಾಡುವ ಕುಬಸದ ಕಾರ್ಯವನ್ನು ಬಾಗಿಲು ಹಾಕಿಕೊಂಡು ಮಾಡಿದೆವು. ಮಲ್ಲಿಗೆ ದಂಡೆಯನ್ನು ಆಕೆಯ ಮುಡಿಗೆ ಒಮ್ಮೆ ತಾಗಿಸಿ ಒಡನೆಯೇ ಹೊರಗೆ ಕಳಿಸಿದರು. ಮಗ್ಗುಲ ಮನೆಯ ನೀಲವ್ವ ಆರತಿ ತಟ್ಟೆ ಹಿಡಿದು, “ಹೂವಿಲ್ಲದ ಕುಬಸಾ ಮಾಡಿದ್ದು ಹಾನಗಲ್ಲಾಗ ನೀವ ಮೊದಲಿಗರವಾ,” ಎಂದು ನಕ್ಕಳು. ಬೇರೆ ಯಾರೂ ನಗಲಿಲ್ಲ.

ಅಪ್ಪನಿಗೆ ಮೊದಲು ಹೊಳೆದದ್ದು ಗುಡಿಯ ಹುಟ್ಟನ್ನೇ ಸುಡಿಸುವುದು. ಒಂದು ಮುಂಜಾನೆ ಉದ್ದನೆಯ ಬಿದಿರು, ಸುರುಳಿ ಸುತ್ತಿದ ಹುಲ್ಲು ಹಿಡಿದು ಇಬ್ಬರು ಬಂದು ಕಟ್ಟೆಯ ಮೇಲೆ ಕುಳಿತರು. ಆಯಿ ಹೊಸ್ತಿಲಲ್ಲಿ ನಿಂತಳು. ಮನೆಯಲ್ಲಿ ಬಸುರಿ ಇದ್ದಾಗ ಗೂಡು ಕೆಡಿಸಬಾರದು, ಜೀವ ತೆಗೆಯಬಾರದು ಎಂಬುದು ನಮ್ಮ ಕಡೆಯ ನಡಾವಳಿ. ಹಾಗೆ ಮಾಡಿದರೆ ಅದು ಹೊಟ್ಟೆಯಲ್ಲಿರುವ ಕೂಸಿಗೆ ತಟ್ಟುತ್ತದೆ ಎಂದು ಹೇಳುತ್ತಿದ್ದರು.

“ಬಸುರಿ ಇದ್ದ ಮನ್ಯಾಗ ಇಲಿ ಬಿಲಾ ಸೈತ ಮುಚ್ಚೂದಿಲ್ಲ. ನೀ ಹುಟ್ಟಿಗಿ ಬೆಂಕಿ ಹಚ್ಚಾಕ ಹೊಂಟೀಯೇನು ಚನ್ನಪ್ಪಾ?”

“ಹುಟ್ಟು ಮನ್ಯಾಗ ಎಲ್ಲೈತಿ ಯವ್ವಾ? ಗುಡ್ಯಾಗ ಐತಿ.”

“ಹಚ್ಚಾಂವಾ ಈ ಮನಿಯಾಂವಾ ಹೌದಿಲ್ಲೋ?”

ಆ ನಂಬಿಕೆ ಅಪ್ಪನಿಗೂ ಇತ್ತು ಎಂದು ಈಗ ಅನ್ನಿಸುತ್ತದೆ. ಬಂದವರಿಗೆ ಊಟ ಹಾಕಿಸಿ ಕಳಿಸಿದ. ಆಮೇಲೆ ಎರಡು ದಿನ ಬಾನಿಯ ಎದುರು ಸುಳಿದಾಡಿದ. ಹುಟ್ಟು ಮುಟ್ಟುವ ಹಾಗಿಲ್ಲ, ಆದರೆ ನೀರು ಸಿಗದಿದ್ದರೆ ಹುಳು ತಾನಾಗಿ ಬೇರೆ ಕಡೆ ಹೋಗುತ್ತದೆ, ಯಾರ ಜೀವವೂ ಹೋಗುವುದಿಲ್ಲ ಎಂದು ಅವನು ಲೆಕ್ಕ ಹಾಕಿದ. ಸೋಮವಾರ ಆಯಿ ಪೂಜೆಗೆ ಕುಳಿತ ಹೊತ್ತು ನೋಡಿ ಬಾನಿ ಬರಿದು ಮಾಡಿಸಿದ.

ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ದಿನ. ಆಯಿ ಹೊರಗೆ ಬಂದು ಹಲಗೆಯನ್ನು ನೋಡಿದಳು.

“ಸ್ವಾಮಾರ ದಿನ ಎತ್ತಿನ ಬಾಯಾಗಿನ ನೀರು ಕಸಗೊಂಡಿ.”

“ನಿನಗ ಎತ್ತು ದೊಡ್ಡದೋ, ನಿನ್ನ ಮೊಮ್ಮಗಳು ದೊಡ್ಡಾಕೀಯೋ?”

“ಹಂಗ ಕೇಳಬ್ಯಾಡೋ. ಹಂಗ ಕೇಳಿ ನನ್ನ ಬಾಯಿ ಮುಚ್ಚಬ್ಯಾಡ.”

ಆಯಿ ಆ ದಿನ ನೀರು ಮುಟ್ಟಲಿಲ್ಲ. ಸಂಜೆ ಅಕ್ಕ ಕೈಹಿಡಿದು ಕೇಳಿಕೊಂಡ ಮೇಲೆ ಒಂದು ಬಟ್ಟಲು ಮಜ್ಜಿಗೆ ಕುಡಿದಳು. ಮರುದಿನ ಹಂಸಭಾವಿಯ ಕಡೆಯಿಂದ ಬಂದ ಗಾಡಿಯವನೊಬ್ಬ ಎತ್ತು ಬಿಚ್ಚಿಕೊಂಡು ಬಂದವನು ಹಲಗೆ ಕಂಡು ನಿಂತ.

“ಏನ್ರಿ ಸಾವ್ಕಾರ್ರ, ಬಾನಿಗೂ ಬಾಗಲಾ ಹಚ್ಚೀರಲ್ಲಾ! ಒಳಗ ಬಂಗಾರ ಇಟ್ಟೀರೇನು?”

“ಕೆರಿಗಿ ಹೊಡಕೊಂಡು ಹೋಗಪಾ.”

“ಕೆರ್ಯಾಗ ರಾಡಿ ಬಿಟ್ರ ಏನೈತ್ರಿ? ಎತ್ತು ಇಳದ್ರ ನಾಲ್ಕ ಮಂದಿ ಎಳೀಬೇಕು.” ಅವನು ಎತ್ತಿನ ಬೆನ್ನು ತಟ್ಟಿ ನಕ್ಕು ಹೋದ. ಅಪ್ಪ ಒಳಗೆ ಬಂದು ಅಂಗಿಯ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡ.

ಜೇನು ಬೇರೆ ಕಡೆ ಹೋಗಲಿಲ್ಲ. ಮೊದಲ ದಿನ ಹಲಗೆಯ ಸುತ್ತ ಸುತ್ತಿದವು, ಅದರ ಸಂದಿಗಳ ಮೇಲೆ ನಡೆದಾಡಿದವು. ಆಮೇಲೆ ಮನೆಯೊಳಗೆ ಬರತೊಡಗಿದವು. ಮೊದಲು ದನದ ಅಂಕಣದಲ್ಲಿ ಗಂಜಲ ನಿಂತ ಕಲ್ಲಿನ ಮೇಲೆ, ಆಮೇಲೆ ಬಚ್ಚಲಿನಲ್ಲಿ ಅರಿವೆ ಒಗೆಯುವ ಕಲ್ಲಿನ ಮೇಲೆ, ಆಮೇಲೆ ಅಡುಗೆಮನೆಯಲ್ಲಿ ಕುಡಿಯುವ ನೀರಿನ ಮಣ್ಣಿನ ಹರವಿಯ ಮೇಲೆ. ಹರವಿಯ ಬಾಯಿ ಮುಚ್ಚಿದ್ದರೂ ಅದರ ಹೊಟ್ಟೆ ಬೆವರಿ ತೇವವಾಗಿರುತ್ತಿತ್ತು, ಅವಕ್ಕೆ ಅಷ್ಟು ಸಾಕಾಗಿತ್ತು. ಅವ್ವ ಅದರ ಸುತ್ತ ಅರಿವೆ ಕಟ್ಟಿದಳು. ಅರಿವೆ ಒದ್ದೆಯಾಯಿತು, ಅದರ ಮೇಲೆ ಇನ್ನೂ ಹೆಚ್ಚು ಕುಳಿತವು. ಗುಬ್ಬಿಗಳು ಪಡಸಾಲೆಯ ತೊಲೆಗೆ ಬಂದು, ಯಾರೂ ಇಲ್ಲದ ಹೊತ್ತು ನೋಡಿ ಅಡುಗೆಮನೆಗೆ ಇಳಿಯುತ್ತಿದ್ದವು. ನಾಯಿ ಬಚ್ಚಲ ಮೋರಿಯ ಬಾಯಲ್ಲಿ ಮಲಗಿತು. ಒಂದು ಮಧ್ಯಾಹ್ನ ಮಂಗ ಬಂದು ಕೊಡದ ಮುಚ್ಚಳ ತೆಗೆದು ಕುಡಿದು, ಕೊಡ ಉರುಳಿಸಿ ಹೋಯಿತು. ಆ ನೀರು ನಡುಮನೆಗೆ ಹರಿದಾಗ ಅವ್ವ ಅಳುತ್ತ ಸೆರಗಿನಿಂದಲೇ ಒರೆಸಿದಳು. ಒಂದು ಹನಿ ನೀರು ನೆಲದ ಮೇಲೆ ಕಂಡರೂ ನಾವು ಹೆದರುವ ಹಾಗಾಗಿತ್ತು. ಮುಖ ತೊಳೆದವರು ಒಣಗುವ ತನಕ ಅಕ್ಕನ ಕೋಣೆಗೆ ಹೋಗುತ್ತಿರಲಿಲ್ಲ.

ಆ ಕೋಣೆ ನಡುಮನೆಯ ಬಲಕ್ಕಿತ್ತು. ಕಾಳು ಇಡುತ್ತಿದ್ದ ಕೋಣೆ ಅದು. ಹಿತ್ತಲ ಕಡೆ ಒಂದು ಕಿಟಕಿ, ಅದರ ಮಗ್ಗುಲಿಗೇ ಬಾಗಿಲು. ಕಿಟಕಿ ಮುಚ್ಚಿಟ್ಟದ್ದರಿಂದ ಒಳಗೆ ಸೆಕೆ ತಡೆಯಲಾಗದೆ ಅಕ್ಕನಿಗೆ ತಲೆಸುತ್ತು ಬಂತು. ಅವ್ವ ಕಿಟಕಿ ತೆರೆದು, ಹುಳು ಬಾರದ ಹಾಗೂ ಆಯಿತು, ತಂಪೂ ಆಯಿತು ಎಂದು ದನದ ಅಂಕಣದಿಂದ ದಪ್ಪನೆಯ ಗೋಣಿತಟ್ಟು ತಂದು, ನೀರಲ್ಲಿ ಅದ್ದಿ ಕಿಟಕಿಗೆ ಇಳಿಬಿಟ್ಟಳು. ಮನೆಯಲ್ಲಿ ಎಲ್ಲರೂ ಅದನ್ನು ಒಳ್ಳೆಯ ಉಪಾಯ ಅಂದರು.

ಮಧ್ಯಾಹ್ನ ಅಕ್ಕ ಹಳೆಯ ಸೀರೆಗಳ ತುಂಡು ಜೋಡಿಸಿ ಕೂಸಿಗೆ ಸಣ್ಣ ಕೌದಿ ಹೊಲಿಯುತ್ತಿದ್ದಳು. ನಾನು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ಮೊದಲು ಸದ್ದು ಬಂತು. ತಲೆಯೆತ್ತಿದರೆ ತಟ್ಟಿನ ಒಳಮೈ ಮೇಲೆ ಹುಳುಗಳು. ಅಂಚಿನ ಸಂದಿಯಿಂದ ಇನ್ನೂ ಬರುತ್ತಿದ್ದವು. ತಟ್ಟಿನಿಂದ ತೊಟ್ಟಿಕ್ಕಿದ ನೀರು ಬಾಗಿಲ ಹೊಸ್ತಿಲವರೆಗೆ ಹರಿದಿತ್ತು, ಅದರ ಮೇಲೂ ಕುಳಿತಿದ್ದವು. ಅವುಗಳನ್ನು ದಾಟದೆ ಹೊರಗೆ ಹೋಗುವ ದಾರಿ ಇರಲಿಲ್ಲ.

“ಕಮ್ಲೀ, ಕೈ ಬೀಸಬ್ಯಾಡ. ಹಂಗ ಕುಂದ್ರು,” ಅಂದಳು ಅಕ್ಕ. ಆಮೇಲೆ ದನಿ ಏರಿಸದೆ, “ಯವ್ವಾ, ಸಾವಕಾಶ ಬಾ,” ಎಂದು ಕರೆದಳು.

ಅವ್ವ ಬಾಗಿಲಿಗೆ ಬಂದವಳು ತಟ್ಟಿಗೆ ಕೈ ಚಾಚಿದಳು.

“ಎಳೀಬ್ಯಾಡ. ಎಳದ್ರ ಎಲ್ಲಾ ಎದ್ದು ಬಿಡ್ತಾವು.”

ಅಷ್ಟರಲ್ಲಿ ಯಾರೋ ಹೇಳಿ ಅಪ್ಪ ಅಂಗಡಿಯಿಂದ ಓಡಿ ಬಂದ. ಉರಿಯುವ ಸಗಣಿಕುಳ್ಳಿನ ಮೇಲೆ ಬೇವಿನ ಸೊಪ್ಪು ಹಾಕಿ ಹಿತ್ತಲಿಂದ ಕಿಟಕಿಯ ಹತ್ತಿರ ತಂದ. ಅಕ್ಕನಿಗೆ ಹೊಗೆಯ ವಾಸನೆ ಬಂತು.

“ಅಪ್ಪಾ, ಹೊಗಿ ಬ್ಯಾಡ.”

“ಒಂದ ಗಳಿಗಿ ತಡಕೋ ಶಾಂತಾ, ಓಡಿ ಹೋಗ್ತಾವು.”

“ಎಲ್ಲಿಗಿ ಹೋಗ್ತಾವು? ನೀ ಆ ಕಡಿಂದ ಹೊಗಿ ಹಾಕಿದ್ರ ಈ ಕಡೀಗ್ಯ ಬರ್ತಾವು. ನಾ ಇರೂದು ಈ ಕಡೀಗೆ.” ಅಪ್ಪ ಹೊಗೆಯನ್ನು ಕಿಟಕಿಯಿಂದ ದೂರ ಒಯ್ದ. ಅಕ್ಕ ಮತ್ತೆ ಹೇಳಿದಳು: “ಅವಕ್ಕ ನೀರು ಬೇಕಾಗೈತಿ, ನಾ ಬೇಕಾಗಿಲ್ಲ. ತಟ್ಟು ಒಣಗೂತನಾ ಬಿಡ್ರಿ. ಯಾರೂ ಏನೂ ಮಾಡಬ್ಯಾಡ್ರಿ.”

ಯಾರೂ ಏನೂ ಮಾಡಲಿಲ್ಲ. ಹೊರಗೆ ಬಿಸಿಗಾಳಿ ಬೀಸುತ್ತಿತ್ತು. ತಟ್ಟು ಮೇಲಿನಿಂದ ಒಣಗುತ್ತ ಬಂತು. ಒದ್ದೆಯ ಕಪ್ಪು ಗೆರೆ ಕೆಳಗಿಳಿದಂತೆ ಹುಳುಗಳೂ ಅದರ ಜೊತೆ ಕೆಳಗಿಳಿದವು. ಅಕ್ಕ ಗೋಡೆಗೆ ಆತು, ಕೌದಿಯನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಕುಳಿತಿದ್ದಳು. ಆಕೆಯ ಹಣೆ, ಕೊರಳು, ಕೈ ಬೆವರಿದ್ದವು. ಒಂದು ಹುಳು ಹಾರಿ ಬಂದು ಆಕೆಯ ಮುಂಗೈ ಮೇಲೆ, ಬಳೆಗಳ ಮಗ್ಗುಲಲ್ಲಿ ಕುಳಿತಿತು. ಬೆವರನ್ನು ಹೀರುತ್ತ ಬಳೆಯವರೆಗೆ ನಡೆಯಿತು, ಬಳೆಯನ್ನು ಹತ್ತಿ ಇಳಿಯಿತು, ಮತ್ತೆ ಹೀರಿತು. ಬಾಗಿಲಲ್ಲಿ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಕ್ಕ ಅದನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಅದು ಹೋದದ್ದು ಆಕೆಗೆ ಗೊತ್ತಾದದ್ದು ನನ್ನ ಮುಖದಿಂದಲೇ ಇರಬೇಕು. ಬಿಸಿಲು ಓರೆಯಾಗುವ ಹೊತ್ತಿಗೆ ತಟ್ಟು ಗರಿಗರಿಯಾಗಿ ಒಣಗಿತ್ತು, ಕೋಣೆಯಲ್ಲಿ ಒಂದು ಹುಳುವೂ ಇರಲಿಲ್ಲ. ಅಕ್ಕ ಏಳಲು ಹೋದರೆ ಕಾಲು ಜೋಮು ಹಿಡಿದಿತ್ತು. ಅಪ್ಪ ಒಳಗೆ ಬಂದು ಅವಳನ್ನು ಎತ್ತಿ ನಿಲ್ಲಿಸಿದ. ಸಂಜೆ ತಾನೇ ಹಲಗೆ ಎಳೆದು ಹಾಕಿ, ಬಾವಿಯಿಂದ ನೀರು ಸೇದಿ ಬಾನಿ ತುಂಬಿದ. ಆಯಿ ನೋಡುತ್ತ ನಿಂತಿದ್ದಳು.

ಇಷ್ಟಾದರೂ ಮನೆಯೊಳಗಿನ ಹುಳುಗಳು ಬಾನಿಗೆ ಮರಳಲಿಲ್ಲ. ಪಾಚಿ ಕೆರೆಸಿದ ಕಲ್ಲು ನುಣುಪಾಗಿತ್ತು. ಬಂದ ಕೆಲವು ಜಾರಿ ಬಿದ್ದು ಸತ್ತು ತೇಲಿದವು, ಉಳಿದವು ಬಚ್ಚಲಿಗೇ ಬರುತ್ತಿದ್ದವು. ಸಿಹಿ ಇಟ್ಟರೆ ತಿರುಗಿ ಬರುತ್ತವೆ ಎಂದು ಆಯಿ ಬಾನಿಯ ಮಗ್ಗುಲಲ್ಲಿ ಬೋಗುಣಿ ತುಂಬ ಬೆಲ್ಲದ ನೀರು ಇಟ್ಟಳು. ಇರುವೆ ಬಂದವು, ಕಣಜ ಬಂದವು, ಓಣಿಯ ನೊಣವೆಲ್ಲ ಬಂದವು.

“ಬೀಗರ ಊಟಾ ಇಟ್ಟೀಯೇನು ಯವ್ವಾ?” ಅಂದ ಅಪ್ಪ.

“ನೀ ಉಪವಾಸಾ ಕೆಡವಿದ್ಯಲ್ಲಾ, ಅದಕ್ಕ,” ಅಂದಳು ಆಯಿ. ಆದರೆ ಬೋಗುಣಿಯನ್ನು ತಾನೇ ಎತ್ತಿ ತಿಪ್ಪೆಗೆ ಸುರಿದಳು.

ದಾರಿ ಹೇಳಿದವಳು ಅಕ್ಕ. ಆ ಮಧ್ಯಾಹ್ನವೆಲ್ಲ ಅವನ್ನು ನೋಡುವುದು ಬಿಟ್ಟು ಆಕೆಗೆ ಬೇರೆ ಕೆಲಸ ಇರಲಿಲ್ಲ. “ಚೊಲೋ ನೀರಿಗಿ ಅವು ಅಷ್ಟು ಬರಾಂಗಿಲ್ಲ,” ಅಂದಳು. “ಹರವಿಗಿಂತ ಗಂಜಲದ ಕಲ್ಲ ಹೆಚ್ಚು ನೆಕ್ಕತಾವು. ಆ ತಟ್ಟೂ ದನದ ಅಂಕಣದ್ದ. ಅದನ್ನ ಬಾನಿ ಅಂಚಿಗಿ ಹಾಕಿ ನೋಡ್ರಿ.”

ಅದೇ ತಟ್ಟನ್ನು, ಅರ್ಧ ನೀರಲ್ಲಿ ಅರ್ಧ ಹೊರಗೆ ಇರುವಂತೆ, ಬಾನಿಯ ಅಂಚಿಗೆ ಹಾಕಿದರು. ಮನೆಯೊಳಗೆ ಹಗಲು ನೀರು ಬಳಸುವುದನ್ನು ನಿಲ್ಲಿಸಿದೆವು. ಮೈತೊಳೆಯುವುದು, ಅರಿವೆ ಒಗೆಯುವುದು ಹೊತ್ತು ಮೂಡುವ ಮೊದಲೇ ಮುಗಿಯಬೇಕಿತ್ತು. ಬಚ್ಚಲಿಗೆ ಬೂದಿ ಎರಚಿ ಒಣಗಿಸುತ್ತಿದ್ದೆವು. ಮೊದಲ ದಿನ ತಟ್ಟಿನ ಮೇಲೆ ನಾಲ್ಕಾರು ಬಂದವು. ಕೆಲವು ದಿನಗಳಲ್ಲಿ ತಟ್ಟು ಕಾಣದಷ್ಟು ಕುಳಿತವು. ಒಳಗೆ ಬರುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಬಚ್ಚಲಲ್ಲಿ ಒಂದೊಂದು ಕಾಣುತ್ತಲೇ ಇತ್ತು. ತಟ್ಟು ಒಣಗಿದರೆ ಅಷ್ಟೂ ಒಳಗೆ ಬರುತ್ತವೆ ಎಂಬ ಹೊಸ ಹೆದರಿಕೆ ಶುರುವಾಯಿತು. ಅದನ್ನು ನೋಡಿ ಬರುವುದು ನನ್ನ ಪಾಲಿಗೆ ಬಂತು. ಶಾಲೆಗೆ ರಜೆ ಇತ್ತು. ಆಟದ ನಡುವೆ ಓಡಿ ಬಂದು ತಟ್ಟಿನ ಮೇಲೆ ನೀರು ಚಿಮುಕಿಸಿ ಹೋಗುತ್ತಿದ್ದೆ.

ಅಕ್ಕನಿಗೆ ನೋವು ಶುರುವಾದದ್ದು ಬೆಳಗಿನ ಹೊತ್ತು. ಬಿಸಿಲು ಏರುವ ಮೊದಲು ಮುಗಿಯಲಿ ಎಂದು ಅವ್ವ ದೇವರಿಗೆ ಕೈಮುಗಿದಳು, ಮುಗಿಯಲಿಲ್ಲ. ಸೂಲಗಿತ್ತಿ ಬಂದು ಹಂಡೆಯಲ್ಲಿ ನೀರು ಕಾಯಿಸಿರಿ, ಒದ್ದೆ ಅರಿವೆ ತನ್ನಿರಿ ಅಂದಳು. ಇಷ್ಟು ದಿನ ಮನೆಯಲ್ಲಿ ಒಂದು ಹನಿ ಚೆಲ್ಲದ ಹಾಗೆ ಕಾದವರು ನಟ್ಟನಡು ಮಧ್ಯಾಹ್ನ ಕೊಡಗಟ್ಟಲೆ ನೀರು ಆ ಕೋಣೆಗೆ ಹೊತ್ತೆವು. ಕಿಟಕಿ ಹಾಕಿತ್ತು, ಸಂದಿಗೆಲ್ಲ ಅವ್ವ ಅರಿವೆ ತುರುಕಿದ್ದಳು. ಅಪ್ಪ ನಡುಮನೆಯಲ್ಲಿ ಕೈಯಲ್ಲಿ ಒಣ ಟವೆಲ್ ಹಿಡಿದು, ಒಳಗಿನ ನರಳಿಕೆಯನ್ನೂ ಹುಳುವಿನ ಸದ್ದನ್ನೂ ಒಟ್ಟಿಗೆ ಆಲಿಸುತ್ತ ನಿಂತಿದ್ದ. ಆಯಿ ಒಳಗಿರಲಿಲ್ಲ. ಆಕೆ ಬಾನಿಯ ಮಗ್ಗುಲಲ್ಲಿ ಬಿಸಿಲಿಗೆ ಕುಳಿತು, ತಲೆಯ ಮೇಲೆ ಸೆರಗು ಎಳೆದುಕೊಂಡು, ತಂಬಿಗೆಯಿಂದ ತಟ್ಟಿನ ಮೇಲೆ ಸ್ವಲ್ಪ ಸ್ವಲ್ಪವೇ ನೀರು ಹಾಕುತ್ತಿದ್ದಳು. ಹುಳುಗಳು ಆಕೆಯ ಕೈಯ ಸುತ್ತ ಎದ್ದು ಎದ್ದು ಕೂರುತ್ತಿದ್ದವು. ಆಡು ಬಂದರೆ ಇನ್ನೊಂದು ಅಂಚಿಗೆ ಸರಿಸುತ್ತಿದ್ದಳು.

ಕೂಸಿನ ಅಳು ಹೊರಗೆ ಕೇಳಿಸಿತು. ಅವ್ವ ತಲಬಾಗಿಲಿಗೆ ಬಂದು ಕರೆದಳು.

“ಅತ್ತೀ, ಹೆಣ್ಣು ಕೂಸು. ಇಬ್ಬರೂ ಚೊಲೋ ಅದಾರ. ಒಳಗ ಬರ್ರಿ.”

“ಕೂಸು ಎಲ್ಲೂ ಓಡಿ ಹೋಗೂದಿಲ್ಲ,” ಅಂದಳು ಆಯಿ, ಕಣ್ಣನ್ನು ತಟ್ಟಿನಿಂದ ಎತ್ತದೆ. “ಬಿಸಲು ಇಳೀಲಿ, ಬರ್ತೇನಿ.”

ಬಿಸಿಲು ಇಳಿದು, ಕೊನೆಯ ಹುಳು ಗುಡಿಯ ಕಡೆ ಹೋದ ಮೇಲೆ ಆಕೆ ಕೈಕಾಲು ತೊಳೆದು ಒಳಗೆ ಬಂದಳು.

ಮಳೆಗಾಲ ಮುಗಿದ ಮೇಲೆ ಅಕ್ಕ ಮಗಳೊಂದಿಗೆ ಹುಲಗೂರಿಗೆ ಹೋದಳು. ಆಕೆಗೆ ಎರಡನೆಯ ಸಲ ಹುಳು ಕಡಿದದ್ದು 1966ರಲ್ಲಿ, ಅಲ್ಲಿಯೇ, ಹಗಲು ಹೊತ್ತಿನಲ್ಲಿ. ಆಗ ನಾವು ಯಾರೂ ಅಲ್ಲಿರಲಿಲ್ಲ. ಪೇಟೆಯ ಕೆಲಸಕ್ಕೆ ಹಾನಗಲ್ಲಿಗೆ ಬಂದ ಮಾಮಾ ಪಡಸಾಲೆಯಲ್ಲಿ ಕುಳಿತು ಹೇಳಿದ.

“ಬೆರಳಿಗಿ ಕಡೀತ್ರಿ. ನಾವೆಲ್ಲಾ ಅಂಜಿ ಗಾಡಿ ಹೂಡಿದ್ವಿ. ಆಕಿ ಕಟ್ಟಿ ಮ್ಯಾಲ ಕುಂತಾಕಿ, ‘ಸ್ವಲ್ಪ ತಡೀರಿ, ನೋಡೂಣು’ ಅಂದ್ಲು. ನೋಡಕೋತ ಕುಂತ್ವಿ.”

ಬೆರಳು ಊದಿತು, ದದ್ದು ಏಳಲಿಲ್ಲ. ಹೊತ್ತು ಮುಳುಗುವ ವೇಳೆಗೆ ಎತ್ತು ಬಿಚ್ಚಿದರು. ಕಡಿದದ್ದು ಹೆಜ್ಜೇನೋ ಕಣಜವೋ ಯಾರೂ ನೋಡಿರಲಿಲ್ಲ. ಮರುದಿನ ಅಕ್ಕನೇ ರೊಟ್ಟಿ ಬಡಿದಳು. ಬೆರಳು ಮಡಚಲು ಬಾರದ್ದರಿಂದ ಆ ದಿನದ ರೊಟ್ಟಿ ಸ್ವಲ್ಪ ದಪ್ಪಗಾಗಿದ್ದವು ಎಂದು ಮಾಮಾ ಹೇಳಿದ.